ರುವೈಸಿನ ಅಂಜಲ್, ಅಬು ಹಮೂರಿನ ಊಟ

ಅಲ್ ರಯ್ಯಾನ್

ಕತಾರಿಗೆ ಹೊರಟಿದ್ದೇನೆ ಎಂದಾಗ ಮಲ್ಪೆಯ ನಮ್ಮ ಓಣಿಯವರು ಚಿನ್ನ ತರುತ್ತೀರಾ ಎಂದು ಕೇಳಿದರು. ಮೀನು ನೋಡಲು ಹೋಗುತ್ತಿದ್ದೇನೆ ಎಂದದ್ದಕ್ಕೆ ಬಿದ್ದು ಬಿದ್ದು ನಕ್ಕರು. ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಮನೆಯಿರುವವಳು ಮೀನು ನೋಡಲು ವಿಮಾನ ಹತ್ತುವುದೆಂದರೆ ಯಾರಿಗಾದರೂ ನಗು ಬರುತ್ತದೆ. ನಿಜ ಹೇಳಬೇಕೆಂದರೆ, ಮೀನಿನ ಹೆಸರು ಹೇಳಿ ನಾನು ಹೊರಟದ್ದು ನಮ್ಮ ಅಶ್ವಿನಿಯನ್ನು ನೋಡಲು.

ಅಶ್ವಿನಿ ನನ್ನ ತಮ್ಮನ ಮಗಳು. ನನ್ನನ್ನು ಮಾಮಿ ಎನ್ನುತ್ತಾಳೆ. ಮನೆಯಲ್ಲಿ ತುಳು ಮಾತಾಡುವ ನಮಗೆ ಅಪ್ಪನ ಅಕ್ಕ ಎಂದರೆ ಮಾಮಿ. ನನ್ನಮ್ಮ, ಅಂದರೆ ಅವಳ ಅಜ್ಜಿ, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ನಾನು ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿ ನಿವೃತ್ತಳಾದೆ. ಅಶ್ವಿನಿ ಮೀನುಗಾರಿಕೆಯನ್ನೇ ಓದಿದಳು. ಸಾಲ್ಮನ್ ಎಂಬ ಮೀನು ಕಾಲ ಬಂದಾಗ ಸಮುದ್ರ ಬಿಟ್ಟು ಹೊಳೆ ಹತ್ತುವ ಒಂದು ಚಳಿದೇಶಕ್ಕೆ ಹೋಗಿ, ಅಲ್ಲಿಯ ಉತ್ತರ ಕರಾವಳಿಯಲ್ಲಿ ಅದನ್ನು ಎಣಿಸುವ, ಅಳೆಯುವ, ಯಾವಾಗ ಹಿಡಿಯಬೇಕು ಯಾವಾಗ ಬಿಡಬೇಕು ಎಂದು ಹೇಳುವ ಕೆಲಸ ಕಲಿತಳು. ಈಗ ಕತಾರಿನ ಉತ್ತರ ಕರಾವಳಿಯಲ್ಲಿ ಅದೇ ಕೆಲಸ. ಮೀನು ಮಾತ್ರ ಬೇರೆ. ಅಲ್ಲಿಯವರು ಕನಾದ್ ಎನ್ನುವ ಮೀನು, ನಮ್ಮ ಅಂಜಲ್. ಮೀನು ಅಳೆಯಲಿಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಎಂದು ಕೇಳಿದ ನೆಂಟರಿದ್ದಾರೆ. ಅವರಿಗೆ ನಾನು ಮದುವೆ ಮನೆಗಳಲ್ಲೇ ಉತ್ತರ ಕೊಟ್ಟಿದ್ದೇನೆ, ಸ್ವಲ್ಪ ಜೋರಾಗಿಯೇ.

ವಿಮಾನ ನಿಲ್ದಾಣದ ಬಾಗಿಲು ದಾಟಿದ್ದೇ ನನ್ನ ಕನ್ನಡಕ ಪೂರ್ತಿ ಮಂಜಾಯಿತು. ಒಳಗೆ ಫ್ರಿಜ್ಜಿನ ಚಳಿ, ಹೊರಗೆ ಇಡ್ಲಿ ಬೇಯುವ ಸೆಖೆ. ಏನೂ ಕಾಣದೆ ನಾನು ಯಾರದೋ ಸಾಮಾನಿನ ಗಾಡಿ ಹಿಡಿದು ಹೊರಟೆ. ಅದರ ಯಜಮಾನ, ಬಿಳಿ ಉದ್ದಂಗಿಯ ಹಿರಿಯರು, ಬೈಯಲಿಲ್ಲ. ನನ್ನ ಗಾಡಿಯನ್ನು ತಾವೇ ತಳ್ಳಿಕೊಂಡು ಹಿಂದೆ ಬಂದು ಬದಲಿಸಿಕೊಟ್ಟು ಎದೆಯ ಮೇಲೆ ಕೈಯಿಟ್ಟು ಹೋದರು. ಅಶ್ವಿನಿ ನಗುತ್ತ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಅಂಗೈ ಒರಟಾಗಿತ್ತು. ನನ್ನಮ್ಮನ ಅಂಗೈಯೇ ನೆನಪಾಯಿತು.

ಅಲ್ ರಯ್ಯಾನಿನ ಅವಳ ಮನೆಗೆ ಹೋಗುವ ದಾರಿಯಲ್ಲಿ ಒಂದು ಚಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಅಂಗಡಿಯವ ಓಡಿ ಬಂದು ಏಲಕ್ಕಿ ಹಾಕಿದ ಕರಕ್ ಚಾ ಕಾರಿನೊಳಗೇ ಕೊಟ್ಟ. ಇಲ್ಲಿ ಎಲ್ಲರೂ ಹೀಗೆಯೇ ಅಂತೆ. ನಮ್ಮೂರಿನ ಹೋಟೆಲಿನ ಮುಂದೆ ಹೀಗೆ ಹಾರ್ನ್ ಹೊಡೆದರೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದಾರು ಎಂದೆ.

ಚಾ ಕುಡಿಯುತ್ತ ಅವಳು ನನಗೊಂದು ಎಚ್ಚರಿಕೆ ಕೊಟ್ಟಳು. ಅಂಜಲ್ ಮೊಟ್ಟೆಯಿಡುವ ಕಾಲ ಇದು. ಬಲೆ ಹಾಕಿ ಅದನ್ನು ಹಿಡಿಯುವ ಹಾಗಿಲ್ಲ. ಗಾಳ ಹಾಕಿ ಹಿಡಿದರೆ ಅಡ್ಡಿಯಿಲ್ಲ, ಆದರೆ ಅದು ಸಿಗುವುದು ಅಪರೂಪ. ಹಾಗಾಗಿ ಅಂಜಲ್ ಫ್ರೈ ಎಂದು ನಾನು ಹಟ ಹಿಡಿಯಬಾರದು. ನಮ್ಮಲ್ಲಿ ಮಳೆಗಾಲಕ್ಕೆ ಬೋಟುಗಳೇ ದಡ ಸೇರುತ್ತವಲ್ಲ, ಇಲ್ಲಿ ಒಂದೇ ಮೀನಿಗಾಗಿ ಒಂದೇ ಬಲೆಯನ್ನು ಕಟ್ಟಿಡುತ್ತಾರೆ ಎಂದಳು. ನಾನು ಹೂಂ ಎಂದೆ. ಅಂಜಲಿನ ತಲೆಯ ಸಾರು ಎಂದರೆ ಜೀವ ಬಿಡುವವಳು ನಾನು, ಆದರೂ ಹೂಂ ಎಂದೆ.

ಅಲ್ ರುವೈಸ್

ರುವೈಸ್ ಇರುವುದು ದೇಶದ ಉತ್ತರದ ತುದಿಯಲ್ಲಿ. ರಸ್ತೆಯ ಎರಡೂ ಬದಿ ಖಾಲಿ ಮರಳುನೆಲ. ಕಣ್ಣಿಗೆ ಹಸಿರು ಬೇಕೆಂದರೆ ಪೆಟ್ರೋಲ್ ಬಂಕಿನ ಬಣ್ಣವೇ ಗತಿ. ಆಮೇಲೆ ಒಮ್ಮೆಗೇ ಕಡಲು, ಮರದ ಲಾಂಚುಗಳು, ಹಸಿಮೀನಿನ ವಾಸನೆ. ನನಗೆ ಊರಿಗೆ ಬಂದಷ್ಟು ಖುಷಿಯಾಯಿತು. ಧಕ್ಕೆಯುದ್ದಕ್ಕೂ ತಂತಿಯಿಂದ ಹೆಣೆದ ದೊಡ್ಡ ದೊಡ್ಡ ಗುಮ್ಮಟಗಳು, ಕೋಳಿ ಮುಚ್ಚುವ ಬುಟ್ಟಿಯಂಥವು. ಅವನ್ನು ಕಡಲ ತಳಕ್ಕಿಳಿಸಿ ಹಮೂರ್ ಮೀನು ಹಿಡಿಯುತ್ತಾರಂತೆ. ಲಾಂಚು ನಡೆಸುವವನಿಗೆ ನಾವು ತಾಂಡೇಲ ಅಂದರೆ ಇಲ್ಲಿ ನಖುದಾ. ನಖುದಾಗಳಲ್ಲಿ ಕೇರಳದವರು, ಕನ್ಯಾಕುಮಾರಿಯವರು ಬಹಳ.

ಅಶ್ವಿನಿ ಧಕ್ಕೆಯ ಮೂಲೆಯಲ್ಲಿ ಮೇಜು ಹಾಕಿ ಅಳತೆಯ ಹಲಗೆ ಇಟ್ಟಳು. ಸಾಲ್ಮನ್ ಅಳೆದ ಅದೇ ಹಲಗೆ, ಚಳಿದೇಶದಿಂದ ತಂದದ್ದು. ಗಾಳಕ್ಕೆ ಬಿದ್ದ ಅಂಜಲ್ ಬಂದರೆ ಮೂತಿಯಿಂದ ಬಾಲದ ಕವಲಿನವರೆಗೆ ಅಳೆಯುತ್ತಾಳೆ, ತೂಗುತ್ತಾಳೆ, ಹೊಟ್ಟೆಯಲ್ಲಿ ಮೊಟ್ಟೆ ಎಷ್ಟು ಬಲಿತಿದೆ ಎಂದು ನೋಡುತ್ತಾಳೆ. ಮೊಟ್ಟೆಯಿಟ್ಟು ಮುಗಿಯಿತೋ ಇಲ್ಲವೋ ಎಂದು ಮೀನುಗಾರಿಕೆ ಇಲಾಖೆಯ ಅವಳ ಆಫೀಸಿಗೆ ಗೊತ್ತಾಗುವುದು ಇದರಿಂದಲೇ. ಅವಳಿಗೆ ಪೊಲೀಸರ ಅಧಿಕಾರವಿಲ್ಲ. ಹರಾಜಿಗೆ ಅವಸರದಲ್ಲಿರುವ ಗಂಡಸರು ತಾವಾಗಿಯೇ ಬುಟ್ಟಿ ಇಳಿಸಿ ಅವಳ ಮುಂದೆ ಇಟ್ಟರೆ ಮಾತ್ರ ಕೆಲಸ. ಇಡದಿದ್ದರೆ ಇಡೀ ಋತುವಿನ ದುಡಿಮೆ ನೀರುಪಾಲು.

ಅವರೇಕೆ ಇಡುತ್ತಾರೆ ಎಂದು ಕೇಳಿದೆ. ಮೊದಲ ತಿಂಗಳುಗಳಲ್ಲಿ ಯಾರೂ ಇಡುತ್ತಿರಲಿಲ್ಲವಂತೆ. ಅವಳು ದಿನವೂ ಬಂದು ಬರಿ ಹಲಗೆ ಇಟ್ಟುಕೊಂಡು ಕೂರುತ್ತಿದ್ದಳಂತೆ. ಮೊದಲು ಬುಟ್ಟಿ ಇಟ್ಟವನು ಕನ್ಯಾಕುಮಾರಿಯ ಅರುಳ್ ಎಂಬ ನಖುದಾ. ನನ್ನನ್ನು ಕಂಡು ಅವನು ತನ್ನ ಹರಕು ಹಿಂದಿಯಲ್ಲಿ, ಮೇಡಂ ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಅದಕ್ಕೇ ನಾವು ಬುಟ್ಟಿ ಇಡುತ್ತೇವೆ ಎಂದ. ಮೂವತ್ತು ಜನ ಗಂಡಸರ ನಡುವೆ ರಬ್ಬರ್ ಬೂಟು ಹಾಕಿ ನಿಂತ ನಮ್ಮ ಹುಡುಗಿಯನ್ನು ನೋಡಿ ನನ್ನ ಎದೆ ಉಬ್ಬಿತು. ಅದನ್ನು ಮುಚ್ಚಿಡಲು ಸೆರಗಿನಿಂದ ಬೆವರು ಒರೆಸಿಕೊಂಡೆ.

ಸೂಕ್ ವಾಕಿಫ್

ಶುಕ್ರವಾರದ ಊಟಕ್ಕೆ ಹಮೀದ್ ಕಾಕನ ಮನೆಯಿಂದ ಕರೆ ಬಂದಿತ್ತು. ಬರಿಗೈಯಲ್ಲಿ ಹೋಗುವುದು ಹೇಗೆ? ಊರಿಂದ ತಂದ ಹಪ್ಪಳದ ಜೊತೆಗೆ ಇನ್ನೇನಾದರೂ ಇರಲಿ ಎಂದು ಸೂಕ್ ವಾಕಿಫಿಗೆ ಹೋದೆವು. ಹಳೆಯ ಪೇಟೆ, ಮಣ್ಣುಬಣ್ಣದ ಗೋಡೆ, ಕೇಸರಿ, ಲೋಬಾನದ ಹೊಗೆ. ಒಂದು ಅಂಗಡಿಯ ತುಂಬ ಗಿಡುಗಗಳು, ಕಣ್ಣಿಗೆ ಚರ್ಮದ ಟೊಪ್ಪಿ ಹಾಕಿಕೊಂಡು ಸಾಲಾಗಿ ಕುಳಿತಿದ್ದವು. ಅವಕ್ಕೆ ಪ್ರತ್ಯೇಕ ಆಸ್ಪತ್ರೆಯೂ ಉಂಟಂತೆ. ಮಲ್ಪೆಯ ಧಕ್ಕೆಯಲ್ಲಿ ಗಿಡುಗ ಎರಗಿ ಬುಟ್ಟಿಯಿಂದ ಬಂಗುಡೆ ಕಿತ್ತುಕೊಂಡು ಹೋಗುವಾಗ ನಮ್ಮಮ್ಮ ಕೊಡುತ್ತಿದ್ದ ಬೈಗುಳ ಇವುಗಳ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ.

ಹಮೀದ್ ಕಾಕ ಉಳ್ಳಾಲದ ಬ್ಯಾರಿ. ಬಹಳ ಕಾಲದಿಂದ ದೋಹಾದಲ್ಲೇ ನೆಲೆಸಿ ಹೋಟೆಲು ನಡೆಸುತ್ತಿದ್ದಾರೆ. ಅಶ್ವಿನಿ ಬಂದ ಹೊಸದರಲ್ಲಿ ಅವಳಿಗೆ ಹೇಳಿದ್ದ ಬಾಡಿಗೆ ಮನೆ ಕೈತಪ್ಪಿದಾಗ, ಊರಿನ ಹುಡುಗಿ ಎಂಬ ಒಂದೇ ಕಾರಣಕ್ಕೆ ತಮ್ಮ ಮನೆಯಲ್ಲಿಟ್ಟುಕೊಂಡವರು. ಜ್ವರ ಬಂದಾಗ ಅವರ ಹೆಂಡತಿ ಜೋಹರಾ ಗಂಜಿ ಕಾಯಿಸಿಕೊಟ್ಟು ಪಕ್ಕದಲ್ಲೇ ಮಲಗಿದ್ದರು. ಇಲ್ಲಿ ಅವಳಿಗೆ ಅಪ್ಪ ಅಮ್ಮ ಎಂದರೆ ಅವರೇ. ನಾನು ಅತ್ತರು ಕೊಂಡೆ, ಒಂದಕ್ಕೆ ಎರಡು ಸೀಸೆ.

ಅಬು ಹಮೂರ್, ಶುಕ್ರವಾರ

ಅಬು ಹಮೂರಿನಲ್ಲಿ ಶುಕ್ರವಾರವೇ ಭಾನುವಾರ. ಚರ್ಚುಗಳಿಂದ ಹೊರಬಂದ ಮಂಗಳೂರಿನವರು ರಸ್ತೆ ತುಂಬ. ಕೊಂಕಣಿಯಲ್ಲಿ ಯಾರೋ ಮಕ್ಕಳನ್ನು ಗದರುವುದು ಕೇಳಿ ಕಾರಿನಲ್ಲೇ ತಿರುಗಿ ನೋಡಿದೆ. ಹಮೀದ್ ಕಾಕ ನಮಾಜು ಮುಗಿಸಿ ಬಂದಿದ್ದರು. ಮನೆಯಲ್ಲಿ ಅವರ ಹೋಟೆಲಿನ ಪಾಲುದಾರರ ಸಂಸಾರಗಳೂ ಇದ್ದವು. ಬಿರಿಯಾನಿ, ಕರಿದ ಅಕ್ಕಿರೊಟ್ಟಿ ನೈಪತ್ತಿರಿನ ಪರಿಮಳ. ಎಲ್ಲರ ಮುಂದೆ ಅವರು ಅಶ್ವಿನಿಯ ತಲೆ ಸವರಿ, ಇಡೀ ರುವೈಸೇ ನಮ್ಮ ಹುಡುಗಿಗೆ ಹೆದರುತ್ತದೆ ಎಂದು ಕೊಚ್ಚಿಕೊಂಡರು. ಅಷ್ಟಕ್ಕೇ ಅವರು ನನಗೆ ಬಹಳ ಹಿಡಿಸಿಬಿಟ್ಟರು.

ಅವರ ಮನೆಯಲ್ಲಿ ಒಂದು ಪದ್ಧತಿ. ಹಸಿ ಮೀನನ್ನು ಇಡಿಯಾಗಿ ತಟ್ಟೆಯಲ್ಲಿಟ್ಟು ಅತಿಥಿಗೆ ತೋರಿಸಿ, ಅತಿಥಿ ಮೆಚ್ಚಿದ ಮೇಲೆಯೇ ಕತ್ತರಿಸುವುದು. ಕರಿದು ಬಂದಾಗ ತಲೆ ಪಂಕ್ತಿಯಲ್ಲಿ ಯಾರಿಗೆ ಹೆಚ್ಚು ಮರ್ಯಾದೆಯೋ ಅವರಿಗೆ. ನಮ್ಮ ಕಡೆಯೂ ಹಾಗೆಯೇ ತಾನೆ. ದೊಡ್ಡ ತಟ್ಟೆಯಲ್ಲಿ ಅಂಜಲ್ ಬಂತು. ಬೆಳ್ಳಿಯ ಮೈ, ನನ್ನ ತೋಳಿನಷ್ಟು ಉದ್ದ.

"ಗಾಳದ ಅಂಜಲ್, ಟೀಚರಕ್ಕ. ನಿಮಗೆ ಅಂತಲೇ ರುವೈಸಿಂದ ತರಿಸಿದ್ದು. ತಲೆ ನಿಮ್ಗೆ" ಎಂದರು ಹಮೀದ್ ಕಾಕ.

ಮೀನು ಮಾರುವವಳ ಮಗಳು ನಾನು. ಮೀನು ಕಂಡರೆ ಕೈ ಸುಮ್ಮನಿರುವುದಿಲ್ಲ, ಬಾಯಿ ಮೊದಲೇ ಇಲ್ಲ. ಕಿವಿರಿನ ಹಿಂದೆ ಬೆರಳಾಡಿಸಿದೆ. ಎರಡೂ ಬದಿಗೆ ಬಲೆಯ ದಾರ ಕೊರೆದ ಗೆರೆ.

"ಗಾಳದ್ದು ಎಂತ ಮಾರಾಯ್ರೆ, ಬಲೆಯದ್ದು ಇದು. ಕುತ್ತಿಗೆ ನೋಡಿ. ಯಾರೋ ನಿಮ್ಗೆ ಟೋಪಿ ಹಾಕಿದ್ದಾರೆ" ಎಂದು ನಕ್ಕೆ. ಮಲ್ಪೆಯಲ್ಲಾಗಿದ್ದರೆ ಇದು ತಮಾಷೆ. ಮಾರಿದವನಿಗೆ ನಾಲ್ಕು ಬೈದು ಎಲ್ಲರೂ ಉಣ್ಣಲು ಕೂರುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಅಶ್ವಿನಿ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು. ಆಗ ನನಗೆ ಹೊಳೆಯಿತು, ನಾನು ಏನು ಮಾಡಿಬಿಟ್ಟೆ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಎದ್ದು ಬಂದು, ಕಾಕ, ಒಮ್ಮೆ ನೋಡ್ಲಾ ಎಂದು ಕೇಳಿದಳು. ಬಾಯಿ ಬಿಡಿಸಿದಳು, ಗಾಳದ ತೂತು ಇರಲಿಲ್ಲ. ಜೋಹರಾ ಕೈಯಿಂದ ಚೂರಿ ತೆಗೆದುಕೊಂಡು ಹೊಟ್ಟೆ ಸೀಳಿದಳು. ಒಳಗೆ ಎರಡು ಉದ್ದನೆಯ ಮೊಟ್ಟೆಯ ಗಡ್ಡೆಗಳು, ಹಳದಿ, ತುಂಬಿ ಬಿಗಿದಿದ್ದವು. ಕೆಲ ದಿನಗಳಲ್ಲಿ ಬಿಡುವುದಿತ್ತು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಕೇಳಿದಳು:

"ಯಾವ ಲಾಂಚಿಂದು ಕಾಕ?"

"ಬಿಡು ಮಗಾ. ಇವತ್ತು ಊಟದ ದಿನ."

"ಊಟದ ದಿನ ಅಂತ ಬಿಟ್ರೆ, ನಾಳೆ ರುವೈಸಲ್ಲಿ ಯಾರ ಹತ್ರ ಯಾವ ಬಾಯಲ್ಲಿ ಕೇಳ್ಲಿ?"

ಹಮೀದ್ ಕಾಕನ ಮುಖ ಕೆಂಪಾಯಿತು. ಪಾಲುದಾರರು ನೆಲ ನೋಡುತ್ತಿದ್ದರು. "ನನ್ನ ಮನೆಯಲ್ಲೇ ನನ್ನನ್ನು ವಿಚಾರಣೆ ಮಾಡ್ತೀಯಾ ನೀನು?"

"ನಿಮ್ಮನ್ನಲ್ಲ ಕಾಕ, ಮೀನನ್ನು" ಎಂದಳು.

ಅವರು ಲಾಂಚಿನ ಹೆಸರು ಹೇಳಲಿಲ್ಲ. ಮೀನು ಅಡುಗೆಮನೆಗೆ ವಾಪಸು ಹೋಯಿತು. ಅಶ್ವಿನಿ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಹೋಗಲಿಲ್ಲ. ಕೈ ತೊಳೆದು ಬಂದು, ಜೋಹರಾ ಪಕ್ಕದಲ್ಲಿ ಕೂತು, ಬಡಿಸಿದ ಬಿರಿಯಾನಿ ಪೂರ್ತಿ ಉಂಡಳು. ಹೊರಡುವಾಗ ಹಮೀದ್ ಕಾಕ ಬಾಗಿಲಿಗೆ ಬರಲಿಲ್ಲ.

ಕಾರಿನಲ್ಲಿ ನಾನು ನನ್ನ ನಾಲಿಗೆಗೆ ಶಾಪ ಹಾಕಿಕೊಂಡೆ. ನನ್ನಿಂದ ನಿನಗೆ ತವರುಮನೆ ಹೋಯಿತಲ್ಲ ಎಂದೆ.

"ತಟ್ಟೆ ಬಂದ ಕೂಡ್ಲೇ ನಾನೂ ನೋಡಿದ್ದೆ ಮಾಮಿ. ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು" ಎಂದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡದ ಹಾಗೆ ಕಿಟಕಿಯತ್ತ ತಿರುಗಿದೆ. ನೆಂಟರ ಬಾಯಿ ಮುಚ್ಚಿಸಲು ಇಷ್ಟು ವರ್ಷ ನಾನು ಅವಳ ಓದು, ಅವಳು ತಿರುಗಿದ ದೇಶ ಎಂದೆಲ್ಲ ಹೇಳುತ್ತಿದ್ದೆ. ಹೇಳಬೇಕಾದದ್ದು ಇದು ಎಂದು ಆ ರಸ್ತೆಯಲ್ಲಿ ಅನ್ನಿಸಿತು.

ಮತ್ತೆ ರುವೈಸ್

ರಜೆ ಕಳೆದು ರುವೈಸಿಗೆ ಹೊರಟಾಗ ನಾನೂ ಬರುತ್ತೇನೆ ಎಂದು ಹಟ ಮಾಡಿದೆ. ದಾರಿಯಲ್ಲಿ ಅವಳಿಗೆ ಒಂದೇ ಚಿಂತೆ. ಬಲೆಯ ಅಂಜಲ್ ಅವಳ ಕಾಕನ ಮನೆಗೆ ಹೋಗಿದೆ ಎಂಬ ಸುದ್ದಿ ಧಕ್ಕೆಗೆ ತಲುಪಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರಾದರೂ ಆಡಿಕೊಂಡರೆ, ಆ ಮೇಜಿನ ಮೇಲೆ ಇನ್ನು ಮುಂದೆ ಒಂದು ಮೀನೂ ಬೀಳುವುದಿಲ್ಲ. ಮೊಟ್ಟೆಯ ಕಾಲ ಮುಗಿಯುತ್ತ ಬಂದಿತ್ತು. ಈಗಲೇ ಹೆಚ್ಚು ಮೀನು ನೋಡಬೇಕಾದ ಹೊತ್ತು.

"ಇವತ್ತು ಯಾರೂ ಬುಟ್ಟಿ ಇಡದಿದ್ರೆ ಖಲಾಸ್ ಮಾಮಿ" ಎಂದಳು.

ಮೊದಲ ಲಾಂಚು ಬಂತು. ಅವಳ ಮೇಜನ್ನು ದಾಟಿ ಬುಟ್ಟಿಗಳು ಹರಾಜಿನ ಕಡೆ ಹೋದವು. ಎರಡನೆಯದೂ ಹಾಗೆಯೇ. ಅರುಳ್ ತನ್ನ ಲಾಂಚಿನಲ್ಲೇ ಬೆನ್ನು ತಿರುಗಿಸಿ ಹಗ್ಗ ಸುತ್ತುತ್ತಿದ್ದ. ಅಶ್ವಿನಿ ಬರಿ ಹಲಗೆಯನ್ನು ನೀರು ಹಾಕಿ ತೊಳೆದಳು, ಮತ್ತೆ ತೊಳೆದಳು. ಎದ್ದು ಹೋಗಿ ಅವರಿಗೆಲ್ಲ ಹಿಂದಿಯಲ್ಲಿ ನಾಲ್ಕು ಮಾತು ಬಿಗಿಯೋಣವೆಂದು ಸೆರಗು ಸಿಕ್ಕಿಸಿದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು.

ಆಗ ಹೋಟೆಲಿನ ಪಿಕಪ್ ಬಂತು. ಹಮೀದ್ ಕಾಕ ಇಳಿದರು. ನಮ್ಮನ್ನು ನೋಡಲಿಲ್ಲ, ನೇರ ಲಾಂಚಿನ ಹತ್ತಿರ ಹೋಗಿ ಅರುಳನನ್ನು ಕೂಗಿದರು. ಇಬ್ಬರ ನಡುವೆ ಮಲಯಾಳದಲ್ಲಿ ಮಾತು ನಡೆಯಿತು, ಜೋರಾಗಿ. ಸುತ್ತ ಜನ ಸೇರಿದರು. ಆಮೇಲೆ ಅವರು ಅವನನ್ನು ಕರೆದುಕೊಂಡು ಮೇಜಿನ ಮುಂದೆ ಬಂದು ನಿಂತರು.

"ಬರ್ಕೊ ಮಗಾ. ಶುಕ್ರವಾರದ ಮೀನು ಇವನ ಲಾಂಚಿಂದು. ಕೊಂಡವ ಹಮೀದ್. ಅದನ್ನೂ ಬರಿ."

ಅಶ್ವಿನಿ ಬರೆಯಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದಳು. ಅವರು ನನ್ನ ಕಡೆ ತಿರುಗಿ ನಡೆದದ್ದನ್ನು ಹೇಳಿದರು. ಊಟದ ಮರುದಿನ ಅರುಳನ ಕಡೆಯವನೊಬ್ಬ ಫೋನು ಮಾಡಿ, ಇನ್ನೂ ಕನಾದ್ ಬೇಕಾ, ಅಳೆಯುವ ಮೇಡಂ ನಿಮ್ಮ ಮನೆಯ ಹುಡುಗಿಯೇ ಅಲ್ಲವಾ, ಮಾಫಿ ಮುಷ್ಕಿಲ್ ಎಂದನಂತೆ. ಏನೂ ತೊಂದರೆಯಿಲ್ಲ ಅಂತೆ! ಆ ಮಾತು ಅವರನ್ನು ಚುಚ್ಚಿತ್ತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೂದಿಲ್ಲ ಟೀಚರಕ್ಕ. ನಂದು ಹೋದ್ರೆ ಹೋಗ್ಲಿ, ಹೋಗ್ಲಿಕ್ಕಿದ್ದದ್ದು ಇವಳದ್ದು" ಎಂದರು. ಮತ್ತೆ ಅವಳಿಗೆ, "ಆವತ್ತು ನಂಗೆ ಸಿಟ್ಟು ಬಂತು. ಆದ್ರೆ ನೀನು ಊಟ ಬಿಟ್ಟು ಹೋಗ್ಲಿಲ್ಲ" ಎಂದರು.

ಅರುಳ್ ತಲೆ ತಗ್ಗಿಸಿ ತನ್ನ ಕಥೆ ಹೇಳಿದ. ಬೇರೆ ಮೀನಿಗೆ ಬಿಟ್ಟ ಬಲೆಗೆ ಕನಾದ್ ಬಿದ್ದಿತ್ತು, ಸತ್ತಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಮೀನುಗಾರನ ಕೈಗೆ ಎಸೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಶ್ವಿನಿಗೂ ಗೊತ್ತು. ಆದರೂ ಅವಳು ಬರೆದಳು; ಲಾಂಚಿನ ಹೆಸರು, ಕೊಂಡವರ ಹೆಸರು, ಎರಡನ್ನೂ. ಆಫೀಸಿನಿಂದ ಇಬ್ಬರಿಗೂ ಎಚ್ಚರಿಕೆ ಹೋಗುತ್ತದೆ ಎಂದು ಅವರಿಗೇ ಹೇಳಿದಳು. ಇನ್ನು ಹಾಗೆ ಬಿದ್ದರೆ ಬಚ್ಚಿಡದೆ ಮೊದಲು ಈ ಹಲಗೆಗೆ ತನ್ನಿ, ಬಿದ್ದದ್ದೂ ಲೆಕ್ಕಕ್ಕೆ ಸಿಗಬೇಕು ಎಂದಳು. ಅರುಳ್ ತಿರುಗಿ ಲಾಂಚಿಗೆ ಹೋದ. ಮುಗಿಯಿತು ಎಂದುಕೊಂಡೆ.

ಅವನು ಗಾಳದ ಮೀನಿನ ಬುಟ್ಟಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಅವನ ಹಿಂದೆ ಎರಡನೆಯ ಲಾಂಚಿನವರು, ಹರಾಜಿಗೆ ಹೋಗಿದ್ದ ಬುಟ್ಟಿಯನ್ನು ತಿರುಗಿಸಿ ತಂದರು. ಹರಾಜು ಕೂಗುವವನು ಯಲ್ಲಾ ಯಲ್ಲಾ ಎಂದು ಅವಸರ ಮಾಡಿದ. ಮೇಡಂ ಅಳೆದಾಗಲಿ, ಆಮೇಲೆ ಕೂಗು ಎಂದು ಅರುಳ್ ಅವನನ್ನೇ ಗದರಿದ. ಹಮೀದ್ ಕಾಕ ಬಿಸಿಲಲ್ಲಿ ನಿಂತು ಕೊನೆಯ ಮೀನಿನವರೆಗೂ ನೋಡಿದರು.

ಅಬು ಹಮೂರ್, ಇನ್ನೊಂದು ಶುಕ್ರವಾರ

ಬಲೆಯ ನಿಷೇಧ ಮುಗಿದು ರುವೈಸಿನಿಂದ ಲಾಂಚುಗಳು ಅಂಜಲಿನ ಬಲೆ ಹೊತ್ತು ಹೊರಟ ಬೆಳಿಗ್ಗೆ ನಮ್ಮಲ್ಲಿಯ ಹಾಗೆ ಕಡಲಿಗೆ ಹಾಲೆರೆಯುವುದು, ತೆಂಗಿನಕಾಯಿ ಬಿಡುವುದು ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೈಚೀಲದಲ್ಲಿದ್ದ ಹಾಲಿನ ಪೊಟ್ಟಣ ಕತ್ತರಿಸಿ ಧಕ್ಕೆಯ ತುದಿಯಿಂದ ನಾನೇ ಎರೆದೆ. ಕಾವಲಿನವನು ಓಡಿ ಬಂದು, ಹಾಲು ಕೆಟ್ಟಿದೆಯಾ ಅಮ್ಮಾ ಎಂದು ಕೇಳಿದ.

ನಾನು ಊರಿಗೆ ಹೊರಡುವ ಮೊದಲಿನ ಶುಕ್ರವಾರ ಮತ್ತೆ ಅದೇ ಮನೆ, ಅದೇ ಪಾಲುದಾರರು. ಅದೇ ತಟ್ಟೆಯಲ್ಲಿ ಅಂಜಲ್ ಬಂತು.

"ಮೊದ್ಲು ಕುತ್ತಿಗೆ ನೋಡಿ ಟೀಚರಕ್ಕ" ಎಂದರು ಹಮೀದ್ ಕಾಕ. ಈ ಸಲ ಎಲ್ಲರೂ ನಕ್ಕರು. ಬಲೆಯ ಗೆರೆ ಇತ್ತು, ಈಗ ಇರಬಹುದಾದ ಗೆರೆ. ಜೋಹರಾ ಹೊಟ್ಟೆ ಸೀಳಿ ಅಶ್ವಿನಿಗೆ ತೋರಿಸಿದರು. ಗಡ್ಡೆಗಳು ಬಾಡಿ ಚಪ್ಪಟೆಯಾಗಿದ್ದವು. ಮೊಟ್ಟೆ ಕಡಲಿಗೆ ಸೇರಿ ಆಗಿತ್ತು. ಅಶ್ವಿನಿಯ ಮುಖ ನೋಡಬೇಕಿತ್ತು, ಪರೀಕ್ಷೆ ಪಾಸಾದ ಮಗುವಿನ ಮುಖ.

ಕರಿದ ಮೀನು ಬಂತು. ತಲೆಯ ತಟ್ಟೆಯನ್ನು ಹಮೀದ್ ಕಾಕ ತಾವೇ ಹಿಡಿದು ಬಂದರು. ನಾನು ನನ್ನ ತಟ್ಟೆಯಲ್ಲಿ ಜಾಗ ಮಾಡಿಕೊಂಡೆ. ಪಂಕ್ತಿಗೆ ನಾನೇ ಹಿರಿಯಳು, ನಾನೇ ಅತಿಥಿ. ಅವರು ನನ್ನನ್ನು ದಾಟಿ ಹೋಗಿ, ತಲೆಯನ್ನು ಅಶ್ವಿನಿಯ ತಟ್ಟೆಗೆ ಹಾಕಿದರು.

"ಬೇಜಾರಾಯ್ತಾ ಟೀಚರಕ್ಕ?" ಎಂದು ಕೇಳಿದರು.

ನನ್ನಮ್ಮ ಜೀವಮಾನವಿಡೀ ಎಷ್ಟೋ ಮನೆಗಳ ಹಿತ್ತಲ ಬಾಗಿಲಿಗೆ ಅಂಜಲ್ ಹೊತ್ತುಕೊಂಡು ಹೋದಳು. ಒಂದು ಮನೆಯಲ್ಲೂ ಅವಳನ್ನು ಒಳಗೆ ಕರೆದು ಕೂರಿಸಿ ಅವಳ ತಟ್ಟೆಗೆ ತಲೆ ಹಾಕಿದವರಿಲ್ಲ.

ಅಶ್ವಿನಿ ಕೆನ್ನೆಯ ತುಂಡು ಮುರಿದು ನನಗೆ ಕೊಡಲು ಕೈ ಚಾಚಿದಳು. ನಾನು ನನ್ನ ತಟ್ಟೆಗೆ ಕೈ ಅಡ್ಡ ಹಿಡಿದೆ.

"ಬೇಡ. ಪೂರಾ ನೀನೇ ತಿನ್ನು" ಎಂದೆ.